ಮದ್ದು ಕುಡಿದವನ ಪಾಲು

ತಾಂಡೇಲ ಮಾಮನ ಗದ್ದದ ಕೆಳಗೆ ಬಂಗಡೆಯ ಬಾಲದಂತೆ ಕವಲೊಡೆದ ಹಳೆಯ ಗಾಯದ ಗುರುತೊಂದಿತ್ತು. ಆ ಕವಲಿನ ನಡುವೆ ಬ್ಲೇಡು ಇಳಿಯುತ್ತಿರಲಿಲ್ಲ. ಹಾಗಾಗಿ ಎಷ್ಟೇ ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದರೂ ಅಲ್ಲೊಂದು ಬಿಳಿ ಕೂದಲಿನ ಪುಟ್ಟ ಕುಚ್ಚು ಉಳಿದೇ ಇರುತ್ತಿತ್ತು. ಯೋಚನೆ ಹತ್ತಿದಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುವುತ್ತಿದ್ದರು. ಅವರ ಬೋಟಿನಲ್ಲಿ ಬಲೆ ಎಳೆಯುವ ಖಲಾಶಿಗಳು ಆ ಬೆರಳುಗಳನ್ನೇ ನೋಡಿ ಇವತ್ತು ಬಲೆ ಎಲ್ಲಿ ಇಳಿಯುತ್ತದೆ ಎಂದು ಅಂದಾಜು ಮಾಡುತ್ತಿದ್ದರಂತೆ.

ತಾಂಡೇಲ ಎಂದರೆ ಬೋಟಿನ ಯಜಮಾನನಲ್ಲ. ಚುಕ್ಕಾಣಿ ಹಿಡಿಯುವವನು, ಹೋದವರನ್ನೆಲ್ಲ ತಿರುಗಿ ಮನೆಗೆ ತಂದು ಮುಟ್ಟಿಸುವ ಹೊಣೆ ಹೊತ್ತವನು. ಕಾರವಾರದ ಬೈತಖೋಲದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಬಟ್ಟೆ ಒಗೆಯುವ ಕಲ್ಲೊಂದೇ ಗಡಿ. ನಾನು ಅಂಕೋಲೆಯ ಕೇಣಿಯಿಂದ ಮದುವೆಯಾಗಿ ಬಂದವಳು, ಇಲ್ಲಿಯ ಅಂಗನವಾಡಿಯಲ್ಲಿ ಕೆಲಸ. ಮಕ್ಕಳಿಗೆ ಕಲಿಸುವವಳೆಂದು ಊರಿಗೆಲ್ಲ ಅಕ್ಕೋರು. ನಮ್ಮನೆಯವರು ತಾಂಡೇಲ ಮಾಮನ ಬೋಟಿನಲ್ಲೇ ಎಂಜಿನ್ ನೋಡಿಕೊಳ್ಳುತ್ತಿದ್ದರು. ಕೇಣಿಯವಳಾದ ನನಗೆ ಮೀನಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಮೊದಲಿನಿಂದಲೂ ಇತ್ತು. ಓದಿದ ಜಂಬ ಅದರ ಮೇಲೆ.

ತಾಂಡೇಲ ಮಾಮನದು ಒಂದು ವಿಚಿತ್ರ ಕಾನೂನು. ಬೆಳಗಿನ ಜಾವ ಧಕ್ಕೆಯಲ್ಲಿ ಬೋಟು ಹತ್ತುವ ಮೊದಲು ಪ್ರತಿಯೊಬ್ಬನನ್ನೂ ನಿಲ್ಲಿಸಿ ಕೇಳುತ್ತಿದ್ದರು.

"ಮದ್ದು ಯಾರ್ ಕುಡದೀರಿ?"

ಹೆಂಡ ಕುಡಿದವನನ್ನು ಕೇಳಬೇಕಾಗಿರಲಿಲ್ಲ, ಮೂಗೇ ಹೇಳುತ್ತಿತ್ತು. ಅವರು ಕೇಳುತ್ತಿದ್ದದ್ದು ಕೆಮ್ಮಿನ ಔಷಧಿ, ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ಇಂಥವನ್ನು. "ಕಣ್ಣು ಎಳಿಯೂ ಮದ್ದು" ಎಂದು ಅವುಗಳಿಗೆಲ್ಲ ಒಟ್ಟಿಗೆ ಒಂದು ಹೆಸರಿಟ್ಟಿದ್ದರು. ಕೇಳುವುದಷ್ಟೇ ಅಲ್ಲ, ಬುತ್ತಿಯ ಚೀಲಕ್ಕೆ ಕೈ ಹಾಕಿ ಬಾಟಲಿ ಸಿಗುತ್ತದೆಯೋ ಎಂದು ತಡಕುತ್ತಿದ್ದರು. ಸಿಕ್ಕಿದರೆ ಬೈಗುಳವಿಲ್ಲ, ಏನಿಲ್ಲ. "ನೀ ಇವತ್ತು ದಡದ ಮೇಲೆ ಕೂತ್ಕಂಡು ಬಲೆ ಹೊಲಿ ಮಾರಾಯ" ಎಂದು ಅವನನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಸಂಜೆ ಬೋಟು ಬಂದ ಮೇಲೆ ಪ್ರತಿಯೊಬ್ಬನೂ ಮನೆಗೆ ಸಾರಿಗೆಂದು ಒಂದು ಬುಟ್ಟಿ ಮೀನು ಒಯ್ಯುತ್ತಾನಲ್ಲ, ಆ ಬುಟ್ಟಿ ದಡದಲ್ಲಿ ಉಳಿದವನಿಗೂ ಬರಬೇಕು. ಅದೂ ಕಾನೂನೇ. ಬೇರೆ ಬೋಟುಗಳಲ್ಲಿ ಹೋಗದವನಿಗೆ ಮೀನಿನ ಪೊರೆಯೂ ಇಲ್ಲ. ತಾಂಡೇಲ ಮಾಮನ ಬೋಟಿನಲ್ಲಿ ಮಾತ್ರ ಮದ್ದು ಕುಡಿದವನಿಗೆ ಎಲ್ಲರಷ್ಟೇ ಪಾಲು. "ಅವ ಹೌದು ಅಂದದ್ದಕ್ಕೆ ನಾವು ಏಳು ಜನ ತಿರುಗಿ ಬಂದ್ವಲ, ಅದು ಕೆಲಸ ಅಲ್ವಾ?" ಎನ್ನುತ್ತಿದ್ದರು.

ನನಗೆ ಆ ಬುಟ್ಟಿ ಕಂಡರೆ ಆಗುತ್ತಿರಲಿಲ್ಲ. ಒಂದು ವರ್ಷ ನಮ್ಮನೆಯವರು ನೆಗಡಿಗೆ ಏನೋ ನುಂಗಿ ಎರಡು ದಿನ ದಡದಲ್ಲಿ ಉಳಿದಿದ್ದರು. ಬುಟ್ಟಿ ತರಲು ನಾನೇ ಧಕ್ಕೆಗೆ ಹೋದೆ. ಮೀನು ಹರಾಜಿನ ಹತ್ತಿರ ಕೂರುವ ಒಬ್ಬಳಿದ್ದಾಳೆ, ಬಾಯಿಗೆ ಬಾಗಿಲಿಲ್ಲದವಳು. ನನ್ನನ್ನು ನೋಡಿದ್ದೇ, "ಬಂತು ನೋಡ್ರೇ, ಕೂತವನ ಪಾಲು!" ಎಂದಳು. ನಾಲ್ಕು ಜನ ನಕ್ಕರು. ನಾನು ಹೆಗಲ ಮೇಲಿನ ಟವೆಲನ್ನು ಬುಟ್ಟಿಯ ಮೇಲೆ ಹೊದಿಸಿ, ಏನೋ ಕದ್ದವಳಂತೆ ಹಿಂದಿನ ದಾರಿಯಿಂದ ಮನೆಗೆ ಬಂದೆ. ಸಿಗಡಿ ಎಂದರೆ ಪ್ರಾಣವಾದರೂ ಅವತ್ತಿನ ಶೆಟ್ಲಿ ಸಾರನ್ನು ನಾನು ಮುಟ್ಟಲಿಲ್ಲ.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ತಾಂಡೇಲ ಮಾಮನ ವಿಷಯ ಬರೆಯಲು ಕೂತು ಅದನ್ನು ಬಿಟ್ಟರೆ ಏನನ್ನೂ ಬರೆದಂತಾಗುವುದಿಲ್ಲ.

ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಿತ್ತು. ನಮ್ಮನೆಯವರಿಗೆ ಹಿಡಿದಿದ್ದ ಜ್ವರ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಪಕ್ಕೆ ಹಿಡಿದುಕೊಂಡು ಕೆಮ್ಮುತ್ತಿದ್ದರು. ಕಾರವಾರದ ಡಾಕ್ಟರು ಪರೀಕ್ಷೆ ಮಾಡಿ ಒಂದು ಔಷಧಿ ಬರೆದರು. ಬರೆದು, ಪೆನ್ನನ್ನು ಕೆಳಗಿಟ್ಟು, ಇಬ್ಬರಿಗೂ ಬಿಡಿಸಿ ಹೇಳಿದರು. "ಇದು ಕೊಡೀನ್ ಇರುವ ಔಷಧಿ, ಅಫೀಮಿನ ಕುಲದ್ದು. ಮುಚ್ಚಳದಲ್ಲಿ ಅಳೆದು ದಿನಕ್ಕೆ ಮೂರು ಸಲ, ಐದೇ ದಿನ. ಇವರಿಗೆ ಮಾತ್ರ. ಬೇರೆ ಯಾರಿಗೂ ಕೊಡಬೇಡಿ, ಮಕ್ಕಳ ಕೈಗಂತೂ ಸಿಗಲೇಬಾರದು. ಕುಡಿತದ ಜೊತೆ ಬೇಡ. ಇದು ಮುಗಿಯುವವರೆಗೆ ಎಂಜಿನ್ ಹತ್ತಿರ ಹೋಗಬೇಡಿ." ನಾನು ತಲೆಯಾಡಿಸಿದೆ. ಅಂಗನವಾಡಿಗೆ ಬರುವ ತಾಯಂದಿರಿಗೆ, ದೊಡ್ಡವರ ಕೆಮ್ಮಿನ ಔಷಧಿಯನ್ನು ಮಗುವಿಗೆ ಹಾಕಬೇಡಿ ಎಂದು ಪ್ರತಿ ತಿಂಗಳೂ ಹೇಳುವವಳು ನಾನೇ. ನನಗೆ ಇವರೇನು ಹೇಳುವುದು ಎಂದುಕೊಂಡೆ.

ಮೂರನೆಯ ದಿನಕ್ಕೆ ಕೆಮ್ಮು ಮುಕ್ಕಾಲು ಪಾಲು ಇಳಿಯಿತು. ನಾಲ್ಕನೆಯ ದಿನವೇ ಬೋಟು ಇಳಿಯುವ ಮೊದಲ ದಿನ. "ಇನ್ನೆರಡು ದಿನ ಮದ್ದು ಅದೆ. ತಾಂಡೇಲನಿಗೆ ಹೇಳಿ ನಾ ದಡದಲ್ಲೇ ಉಳಿತೆ" ಎಂದರು ನಮ್ಮನೆಯವರು. ಅವರದು ಹೇಳಿದಂತೆ ಕೇಳುವ ಸ್ವಭಾವ. ನನಗೆ ಆ ಹರಾಜಿನವಳ ಬಾಯಿ ನೆನಪಾಯಿತು. ವರ್ಷದ ಮೊದಲ ಮೀನೇ ಕೂತವನ ಪಾಲಾಗಿ ಬರುವುದೇ?

"ಮೊದಲ್ನೇ ದಿನ ಎಲ್ಲರೂ ಹೋಗೂವಾಗ ನೀವು ಬಲೆ ಹೊಲೀತ್ರಾ?" ಎಂದೆ. "ಒಂದು ಮುಚ್ಚಳ ಮದ್ದಿಗೆ ಎಂತಾ ಆಗೂದದೆ?"

"ಚೀಲ ನೋಡ್ತಾನಲ್ಲ ಅವ."

"ಅದು ನನಗೆ ಬಿಡಿ."

ಕೇಣಿಯ ಅವ್ವ ಕೊಟ್ಟಿದ್ದ ಮುರುಗಲ ಹಣ್ಣಿನ ಶರಬತ್ತಿನ ಬಾಟಲಿಯೊಂದು ಖಾಲಿಯಾಗಿತ್ತು. ತೊಳೆದೆ. ಉಳಿದಿದ್ದ ಅರ್ಧ ಬಾಟಲಿ ಔಷಧಿಯನ್ನೂ ಅದಕ್ಕೆ ಬಗ್ಗಿಸಿದೆ. ಅದೇ ಕೆಂಪು, ಅದೇ ಮಂದ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಊಟದ ಡಬ್ಬಿಯ ಪಕ್ಕ ನಿಲ್ಲಿಸಿ ಕಳಿಸಿದೆ. ಔಷಧಿಯ ಹೆಸರಿನ ಚೀಟಿಯಿದ್ದ ಖಾಲಿ ಬಾಟಲಿ ಮಾತ್ರ ಅಡುಗೆಮನೆಯ ಗೂಡಿನಲ್ಲಿ ಉಳಿಯಿತು.

ಧಕ್ಕೆಯಲ್ಲಿ ತಾಂಡೇಲ ಮಾಮ ಎಂದಿನಂತೆ ಕೇಳಿದರು. ನಮ್ಮನೆಯವರು ಇಲ್ಲವೆಂದರು. ಚೀಲ ತಡಕಿದ ಕೈಗೆ ಮುರುಗಲ ಬಾಟಲಿ ಸಿಕ್ಕಿತು. "ಕೇಣಿಯದ್ದಾ? ಅಡ್ಡಿಲ್ಲ, ಅಡ್ಡಿಲ್ಲ" ಎಂದು ನಕ್ಕು ಬಿಟ್ಟರು.

ನಾನು ಮರೆತದ್ದು ಒಂದೇ ಒಂದು. ಮೀನಿನ ಬೋಟಿನಲ್ಲಿ ನನ್ನ ಬುತ್ತಿ, ನಿನ್ನ ಬುತ್ತಿ ಎಂಬುದಿಲ್ಲ. ಯಾರ ಮನೆಯ ಉಪ್ಪಿನಕಾಯಿಯಾದರೂ, ಯಾರ ಮನೆಯ ಶರಬತ್ತಾದರೂ ಎಲ್ಲರದು. ಕೇಳಿ ತೆಗೆದುಕೊಂಡರೆ ಅದೇ ಅವಮಾನ. ಕೇಣಿಯಲ್ಲಿ ಹುಟ್ಟಿದ ನನಗೆ ಅದನ್ನು ಯಾರಾದರೂ ಹೇಳಬೇಕಿತ್ತೇ!

ಬಿಸಿಲೇರಿತ್ತು. ಬಲೆ ಇನ್ನೂ ಇಳಿದಿರಲಿಲ್ಲ. ನಮ್ಮನೆಯವರು ಕೆಳಗೆ ಎಂಜಿನ್ ಹತ್ತಿರ ಇದ್ದರು. ಚುಕ್ಕಾಣಿಯಲ್ಲಿದ್ದ ತಾಂಡೇಲ ಮಾಮ ಕೈಚಾಚಿ ಆ ಬಾಟಲಿ ತೆಗೆದು, ಅದರಲ್ಲಿದ್ದದ್ದರ ಅರ್ಧವನ್ನು ಲೋಟಕ್ಕೆ ಬಗ್ಗಿಸಿ, ಅರ್ಧ ಲೋಟವಾಗುವಷ್ಟು ನೀರು ಬೆರೆಸಿ, ಒಂದೇ ಉಸಿರಿಗೆ ಕುಡಿದರು. ಕುಡಿದ ಮೇಲೆ ನಾಲಿಗೆ ಚಪ್ಪರಿಸಿ ಹಾಗೇ ನಿಂತರಂತೆ. ಮುರುಗಲಕ್ಕೆ ಹುಳಿ ಇರಬೇಕು. ಇದರಲ್ಲಿ ಸಿಹಿಯ ಹಿಂದೆ ಕಹಿ ಇತ್ತು. ಆ ಕಹಿ ಅವರಿಗೆ ಗೊತ್ತಿದ್ದ ಕಹಿ.

ನಮ್ಮನೆಯವರನ್ನು ಮೇಲೆ ಕರೆದರು. ಬಾಟಲಿ ತೋರಿಸಿದರು. ನಮ್ಮನೆಯವರ ಮುಖವೇ ಉತ್ತರ ಹೇಳಿತು.

"ನೀನೂ ಕುಡದೀಯಾ?"

"ಹೌದು, ಬೆಳಿಗ್ಗೆ."

"ಹಂಗಾರೆ ನೀನೂ ಮುಟ್ಟಬೇಡ, ನಾನೂ ಮುಟ್ಟೂದಿಲ್ಲ."

ಚುಕ್ಕಾಣಿಯಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದರಂತೆ. ನಲವತ್ತು ವರ್ಷ ಸಮುದ್ರದ ಮೇಲಿದ್ದ ಮನುಷ್ಯ, ಒಂದು ಲೋಟಕ್ಕೆ ಕೈ ಬಿಟ್ಟರು. ಖಲಾಶಿಗಳಲ್ಲಿ ಹಿರಿಯನೊಬ್ಬನಿಗೆ ಚುಕ್ಕಾಣಿ ಕೊಟ್ಟು, ಬೋಟು ತಿರುಗಿಸಲು ಹೇಳಿದರು. ಅವನು ಹಿಡಿದು ಗೊತ್ತಿದ್ದವನೇ, ಆದರೆ ಬಂದರಿನೊಳಗೆ ಒಬ್ಬನೇ ತಂದವನಲ್ಲ. ತಾಂಡೇಲ ಮಾಮ ಅವನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತರು. "ನನ್ನ ಮಲಗೂಕೆ ಬಿಡಬೇಡಿ. ಮಾತಾಡಿಸ್ತಾ ಇರಿ. ನಾ ಉತ್ತರ ಕೊಡ್ಲಿಲ್ಲ ಅಂದ್ರೆ ಉಸಿರು ನೋಡಿ" ಎಂದರು.

ಏನು ಮಾತಾಡಿಸುವುದು? ಮುಂದೆ ನೀರಿನಡಿ ಯಾವ ಕಲ್ಲು, ಯಾವ ಕಡೆ ಆಳ, ದೀಪಸ್ತಂಭ ಯಾವ ಕೈಗೆ ಬರಬೇಕು ಎಂದು ಕೇಳುತ್ತ ಹೋದರು. ಅವರು ತೂಕಡಿಸುತ್ತ, ನೀರು ಎರಚಿಸಿಕೊಳ್ಳುತ್ತ, ಒಂದೊಂದೇ ಕಲ್ಲಿನ ಹೆಸರು ಹೇಳುತ್ತ ಬಂದರು. ಹೀಗೆ ಅವರು ಎಚ್ಚರವಿದ್ದದ್ದರಿಂದ ಬೋಟಿಗೆ ದಾರಿ ಸಿಕ್ಕಿತು, ದಾರಿ ಹೇಳಬೇಕಾದ್ದರಿಂದ ಅವರಿಗೆ ಎಚ್ಚರ ಉಳಿಯಿತು. ಕೊನೆಯ ಎರಡು ಕಲ್ಲುಗಳಿಗೆ ಉತ್ತರ ಬರಲಿಲ್ಲ ಎಂದು ನಮ್ಮನೆಯವರು ಆಮೇಲೆ ಹೇಳಿದರು. ಅಲ್ಲಿಂದ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡಿಕೊಂಡೇ ಬಂದರಂತೆ.

ದಡ ಹತ್ತಿರವಾಗಿ ಫೋನು ಸಿಕ್ಕಿದ ಕೂಡಲೇ ನಮ್ಮನೆಯವರು ನನಗೆ ಎರಡೇ ಮಾತು ಹೇಳಿದ್ದರು. ನಾನು ಧಕ್ಕೆಗೆ ಓಡಿದೆ. ಖಾಲಿ ಬೋಟು ಮಧ್ಯಾಹ್ನವೇ ತಿರುಗಿದ್ದನ್ನು ಕಂಡು ಅಲ್ಲಿ ಜನ ಸೇರಿದ್ದರು. ಇಬ್ಬರು ಹೆಗಲು ಕೊಟ್ಟು ತಾಂಡೇಲ ಮಾಮನನ್ನು ಇಳಿಸಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಯಾರೋ ಏನಾಯಿತೆಂದು ಕೇಳಿದರು. ಅವರು ಕಷ್ಟಪಟ್ಟು ರೆಪ್ಪೆ ಎತ್ತಿ ಇಷ್ಟೇ ಅಂದರು.

"ನಾ ಮದ್ದು ಕುಡದೆ."

ಯಾರ ಬಾಟಲಿ, ಯಾರು ತುಂಬಿದ್ದು, ಒಂದೂ ಇಲ್ಲ. ನಾನು ಅವರಿಂದ ಮೂರು ಮಾರು ದೂರದಲ್ಲಿ ನಿಂತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಏನು ಕುಡಿದಿದ್ದಾರೆ, ಎಷ್ಟು ಎಂದು.  ನಾನು ಬರುವಾಗ ಗೂಡಿನಿಂದ ಆ ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಬಿಚ್ಚಿ ಕೊಟ್ಟೆ. ಶರಬತ್ತಿನ ಬಾಟಲಿಗೆ ಹಾಕಿದ್ದೂ ನಾನೇ ಎಂದು ಹೇಳಿದೆ. ತಾಂಡೇಲ ಮಾಮನ ಹೆಂಡತಿ ಅಲ್ಲೇ ನಿಂತಿದ್ದರು. ಅವರು ನನ್ನ ಕಡೆ ನೋಡಿದ ನೋಟ ಈಗಲೂ ನನ್ನ ಬೆನ್ನ ಮೇಲೆ ಇದೆ. ಉಸಿರು ತೀರಾ ನಿಧಾನವಾಗಿತ್ತು. ಸೂಜಿ ಹಾಕಿದರು, ಗಾಳಿ ಕೊಟ್ಟರು, ಮರುದಿನ ಮಧ್ಯಾಹ್ನದವರೆಗೆ ಪಕ್ಕದಲ್ಲೇ ಒಬ್ಬರನ್ನು ಕೂರಿಸಿ ಕಾದರು. ಬಾಟಲಿ ಪೂರ್ತಿ ಕುಡಿದಿದ್ದರೆ ಅಥವಾ ಒಬ್ಬರೇ ಮಲಗಿಬಿಟ್ಟಿದ್ದರೆ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಕೊಲೆ ಮಾಡಲು ಹೊರಟವಳೂ ನನ್ನಷ್ಟು ಅಚ್ಚುಕಟ್ಟಾಗಿ ಬಾಟಲಿ ತೊಳೆಯುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅವರ ಕಾಲ ಹತ್ತಿರ ಕೂತು ಅತ್ತೆ. ತಾಂಡೇಲ ಮಾಮ ಗದ್ದದ ಕುಚ್ಚು ತಿರುವಿದರು.

"ಅಕ್ಕೋರೇ, ಅರ್ಧ ತಪ್ಪು ನಂದು. ನಾ ಕಳ್ಳನ ಚೀಲ ನೋಡ್ದಂಗೆ ನೋಡ್ತಿದ್ದೆ. ಹುಡುಕೂವವ್ನ ಕಣ್ಣಿಗೆ ಬೀಳದ ಹಂಗೆ ಅಡಗ್ಸೂದು ಮನುಷ್ಯನ ಗುಣ."

"ನನ್ನ ಹೆಸರು ಯಾಕೆ ಹೇಳಲಿಲ್ಲ ಮಾಮಾ?"

ಆಗ ಗದ್ದದ ಗಾಯದ ಕಥೆ ಹೇಳಿದರು. ಪ್ರಾಯದಲ್ಲಿ ಒಮ್ಮೆ ಕೆಮ್ಮೆಂದು ಜೊತೆಗಾರನ ಬಾಟಲಿಯಿಂದ ಎರಡು ಗುಟುಕು ಎತ್ತಿ ಕುಡಿದಿದ್ದರು. ಚುಕ್ಕಾಣಿಯ ಮೇಲೇ ಕಣ್ಣು ಮುಚ್ಚಿತು. ಬೋಟು ಕಲ್ಲಿಗೆ ಬಡಿದ ಏಟಿಗೆ ಗದ್ದ ಎರಡು ಸೀಳಾಯಿತು. ಹಲಗೆ ಒಡೆದು ನೀರಿಗೆ ಬಿದ್ದವರೆಲ್ಲ ಬಲೆಯ ಬೆಂಡು ಹಿಡಿದು ತೇಲಿ ಬದುಕಿದರು. ಒಬ್ಬನ ಕಾಲು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

"ಆ ಬಾಟಲಿ ಯಾರ್ದು ಅಂತ ನಾ ಇವತ್ತಿನವರೆಗೂ ಹೇಳ್ಲಿಲ್ಲ. ಹೇಳಿದ್ರೆ ನನ್ನ ನಿದ್ದೆ ಅವನ್ದಾಗ್ತಿತ್ತಾ?" ಎಂದರು. ಆಮೇಲೆ ನನ್ನ ಮುಖ ನೋಡಿ, ನಗಿಸಬೇಕೆಂದೋ ಏನೋ, "ಆದ್ರೂ ಕೇಣಿ ಮುರುಗಲ ಅಂದ್ರೆ ಇನ್ಮುಂದೆ ಮೂಸಿ ಕುಡೀತೆ" ಎಂದರು.

ಅಂದಿನಿಂದ ಚೀಲ ತಡಕುವುದನ್ನು ಬಿಟ್ಟರು. ಕೇಳುವುದು ಮಾತ್ರ ಉಳಿಯಿತು. ಮತ್ತೊಂದು ಹೊಸದು ಸೇರಿತು. ದಡದಲ್ಲಿ ಉಳಿದವನ ಮನೆಗೆ ಸಂಜೆ ಬುಟ್ಟಿಯನ್ನು ಸ್ವತಃ ತಾವೇ ಹೊತ್ತು ಹೋಗುವುದು. ಹೋಗಿ, ಜಗಲಿಯಲ್ಲಿ ಕೂತು, ಚಾ ಕುಡಿದು, "ಎಷ್ಟು ದಿನದ ಮದ್ದು ರೇ? ಅಳತೆ ಮುಚ್ಚಳ ಅದೆಯಾ?" ಎಂದು ವಿಚಾರಿಸಿ ಬರುವುದು. ಉಳಿದ ಔಷಧಿಯನ್ನು ಮುಂದಿನ ಕೆಮ್ಮಿಗೆಂದು ಯಾರಾದರೂ ಎತ್ತಿಟ್ಟರೆ ಅವರಿಗೆ ಸಿಟ್ಟು. ಬೂದಿ, ಚಾ ಚರಟ ಬೆರೆಸಿ ಕಟ್ಟಿ ಕಸಕ್ಕೆ ಹಾಕಿಸುತ್ತಿದ್ದರು. "ಸಮುದ್ರಕ್ಕೆ ಸುರೀಬೇಡಿ ಹಾಂ. ಬಂಗಡೆ ನಿದ್ದೆ ಹೋದ್ರೆ ನಮ್ಮ ಬಲೆಗೆ ಎಬ್ಬಿಸ್ಕಂಡು ತರೂವವ್ರು ಯಾರು?"

ಧಕ್ಕೆಯ ಜನ ಬಿಡುತ್ತಾರೆಯೇ? ಮದ್ದಿಗೆ ಕಾನೂನು ಮಾಡಿದವನೇ ಮದ್ದು ಕುಡಿದು ಬಂದ ಎಂದು ವರ್ಷಗಟ್ಟಲೆ ನಗಾಡಿದರು. ಚಾದಂಗಡಿಯ ಹತ್ತಿರ ಹಾದರೆ ಸಾಕು, "ತಾಂಡೇಲಾ, ಶರಬತ್ತು ಬೇಕಾ?" ಹರಾಜಿನವಳದಂತೂ ದಿನಕ್ಕೊಮ್ಮೆ. ನಾನು ಪಕ್ಕದಲ್ಲಿದ್ದಾಗಲೂ ಕೇಳುತ್ತಿದ್ದಳು. ನನ್ನ ಕಿವಿ ಸುಡುತ್ತಿತ್ತು. ತಾಂಡೇಲ ಮಾಮ ಮಾತ್ರ ಕೈ ಎತ್ತಿ, "ಅರ್ಧ ಲೋಟ ಸಾಕು ಬಾಯೇ" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಎಷ್ಟೋ ಸಲ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಪ್ರತಿ ಸಲವೂ ಮುಚ್ಚಿಕೊಂಡೆ. ಅಕ್ಕೋರೆಂಬ ಮರ್ಯಾದೆ ನನಗೆ ಅಷ್ಟು ದೊಡ್ಡದಾಗಿತ್ತು.

ಕೊನೆಗೆ ಕಾಯಿಲೆ ಅವರ ಎದೆಯಲ್ಲೇ ಗೂಡು ಕಟ್ಟಿತು. ಚುಕ್ಕಾಣಿಯನ್ನು ನಮ್ಮನೆಯವರಿಗೆ ಒಪ್ಪಿಸಿ ಮನೆ ಹಿಡಿದರು. ಕೆಮ್ಮು ಅವರನ್ನು ಊಟಕ್ಕೂ ಬಿಡುತ್ತಿರಲಿಲ್ಲ, ಮಾತಿಗೂ ಬಿಡುತ್ತಿರಲಿಲ್ಲ. ಬೇರೆ ಯಾವುದೂ ತಾಗದೆ ಡಾಕ್ಟರು ಮತ್ತೆ ಅದೇ ಕುಲದ ಔಷಧಿ ಬರೆದರು. ಅಳತೆಯ ಗೆರೆ ಅವರ ಹೆಂಡತಿಯ ಕಣ್ಣಿಗೆ ಕಾಣುತ್ತಿರಲಿಲ್ಲ. ಆಕೆ ಬಾಟಲಿಯನ್ನು ತಂದು ನನ್ನ ಕೈಗಿಟ್ಟರು. "ನೀವೇ ಹಾಕಿ ಅಕ್ಕೋರೇ" ಎಂದರು. ಆಸ್ಪತ್ರೆಯಲ್ಲಿ ನನ್ನನ್ನು ಹಾಗೆ ನೋಡಿದ್ದ ಅದೇ ಹೆಂಗಸು! ನನಗೆ ಅಳು ತಡೆಯಲಾಗಲಿಲ್ಲ.

ದಿನಕ್ಕೆ ಮೂರು ಸಲ ಹೋಗುತ್ತಿದ್ದೆ. ಮೊಮ್ಮಕ್ಕಳ ಕೈಗೆ ಸಿಗದಂತೆ ಬಾಟಲಿ ಟ್ರಂಕಿನೊಳಗೆ, ಬೀಗದ ಕೈ ನನ್ನ ಸೊಂಟದಲ್ಲಿ. ಮುಚ್ಚಳವನ್ನು ಬೆಳಕಿಗೆ ಹಿಡಿದು ಗೆರೆಯವರೆಗೆ ಅಳೆದು, ಕುಡಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗಂಟೆ ಬರೆಯುತ್ತಿದ್ದೆ. ತಾಂಡೇಲ ಮಾಮ ಪ್ರತಿ ಸಲವೂ ಮೂಸುತ್ತಿದ್ದರು.

"ಕೇಣಿಯದ್ದಲ್ಲಲಾ?"

"ಅಲ್ಲ ಮಾಮಾ. ಮೆಡಿಕಲ್ಲಿಂದು."

"ಹಂಗಾರೆ ಕೊಡಿ. ಈಗ ನಾ ಎಂತಾ ನಡೆಸೂದಿಲ್ಲ. ಕುಡದ್ರೆ ಅಡ್ಡಿಲ್ಲ."

ಒಮ್ಮೊಮ್ಮೆ ಇನ್ನೊಂದು ಮುಚ್ಚಳ ಬೇಕೆನಿಸುವಷ್ಟು ಕೆಮ್ಮುತ್ತಿದ್ದರು. ನಾನೇ ಕೊಡಲೇ ಎಂದು ಒಮ್ಮೆ ಕೇಳಿಬಿಟ್ಟೆ. ಬೇಡವೆಂದು ಕೈಯಾಡಿಸಿದರು. "ಗಂಟೆ ಆಗ್ಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ನಮ್ಮ ನಮ್ಮಲ್ಲೇ ಬೇಡಾ." ಕೇಳಿದೆ, ಅವರು ಬಂದು ನೋಡಿ ಬೇರೆ ವ್ಯವಸ್ಥೆ ಮಾಡಿದರು. ಆ ಔಷಧಿಯಿಂದ ಅವರಿಗೆ ಕೊನೆಯ ತಿಂಗಳು ಗಂಜಿ ಇಳಿಯಿತು, ಮೊಮ್ಮಕ್ಕಳ ಜೊತೆ ಮಾತಾಯಿತು. ನಾನು ವಿಷ ಮಾಡಿದ್ದು ಅವರ ಮನೆಯಲ್ಲಿ ಔಷಧಿಯಾಗಿಯೇ ಉಳಿಯಿತು. ಸಂಜೆ ನಮ್ಮನೆಯವರು ಸಾರಿನ ಮೀನಿನ ಬುಟ್ಟಿ ತಂದು ಅವರ ಮಂಚದ ಹತ್ತಿರ ಇಡುತ್ತಿದ್ದರು. ಅವರು ಕೈ ಹಾಕಿ, ಮುಟ್ಟಿಯೇ ಯಾವ ಮೀನು ಎಂದು ಹೇಳುತ್ತಿದ್ದರು. "ಮದ್ದು ಕುಡದವನ ಪಾಲು ಬಂತು" ಎಂದು ಹೆಂಡತಿಯನ್ನು ಕೂಗುತ್ತಿದ್ದರು. ಅವರ ದನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಒಂದು ಬೆಳಿಗ್ಗೆ ಮುಚ್ಚಳ ತೊಳೆದುಕೊಂಡು ಹೋದಾಗ ಅವರು ಹೋಗಿಬಿಟ್ಟಿದ್ದರು. ಕ್ಯಾಲೆಂಡರಿನಲ್ಲಿ ಆ ದಿನದ ಮನೆ ಖಾಲಿ ಉಳಿಯಿತು. ಎಲ್ಲ ಮುಗಿದ ಮೇಲೆ ಬಾಟಲಿಯಲ್ಲಿ ಉಳಿದದ್ದಕ್ಕೆ ಬೂದಿ, ಚಾ ಚರಟ ಬೆರೆಸಿ ಕಟ್ಟಿದೆ. ಸಮುದ್ರ ಅಲ್ಲೇ ಇಪ್ಪತ್ತು ಮಾರು ದೂರದಲ್ಲಿತ್ತು. ಆ ಕಡೆ ಹೋಗಲಿಲ್ಲ.

ಈ ವರ್ಷ ನಮ್ಮನೆಯವರಿಗೆ ಮತ್ತೆ ಕೆಮ್ಮು ಬಂತು, ಮತ್ತೆ ನಾಲ್ಕು ದಿನಕ್ಕೆ ಅಂಥದೇ ಔಷಧಿ. ಈಗ ಅವರೇ ತಾಂಡೇಲ. ಧಕ್ಕೆಯಲ್ಲಿ ಎಂದಿನಂತೆ "ಮದ್ದು ಯಾರ್ ಕುಡದೀರಿ?" ಎಂದು ಕೇಳಿ, ತಾವೇ ಕೈ ಎತ್ತಿ, ಚುಕ್ಕಾಣಿಯನ್ನು ಇನ್ನೊಬ್ಬನಿಗೆ ಕೊಟ್ಟು ಮನೆಗೆ ಬಂದರು. ಸಂಜೆ ಬುಟ್ಟಿ ತರಲು ನಾನು ಹೋದೆ. ಹರಾಜಿನವಳಿಗೂ ಈಗ ತಲೆ ನರೆತಿದೆ, ಬಾಯಿ ಹಾಗೇ ಇದೆ.

"ನಮ್ಮ ಹಳೇ ತಾಂಡೇಲ ಇರ್ಬೇಕಿತ್ತು ಅಕ್ಕೋರೇ. ಶರಬತ್ತು ಬೇಕಾ ಅಂತ ಕೇಳೂಕೆ ಈಗ ಯಾರೂ ಇಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ನನ್ನಿಂದ ಇನ್ನು ಆಗಲಿಲ್ಲ.

"ಆ ಬಾಟಲಿ ನಾ ಕಳಿಸಿದ್ದು" ಎಂದೆ. ಅಲ್ಲಿದ್ದವರೆಲ್ಲ ಕೇಳಲಿ ಎಂದು ಗಟ್ಟಿಯಾಗಿಯೇ ಅಂದೆ. "ಔಷಧಿಯನ್ನ ಶರಬತ್ತಿನ ಬಾಟಲಿಗೆ ಹಾಕಿ ಮುಚ್ಚಿ ಕಳಿಸಿದ್ದು ನಾನು. ಮಾಮನ ತಪ್ಪು ಎಂತಾ ಇರಲಿಲ್ಲ."

ಹರಾಜಿನವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅದು ಯಾರಿಗೆ ಗೊತ್ತಿರಲಿಲ್ಲ? ಬೋಟಿನಲ್ಲಿ ಎಂಟು ಜನ ಇದ್ರು, ಬೈತಖೋಲದಲ್ಲಿ ಗುಟ್ಟು ನಿಲ್ತದೆಯಾ? ಅಕ್ಕೋರಿಗೆ ಯಾರಾದ್ರೂ ಒಂದು ಮಾತು ಅಂದ್ರೆ ನನ್ನ ಬೋಟಿನ ಮೀನು ಮುಟ್ಬೇಡಿ ಅಂದಿದ್ದ ಅವ. ಏನಾದ್ರೂ ಅನ್ನೂದಿದ್ರೆ ನನಗೇ ಅನ್ನಿ ಅಂದಿದ್ದ. ಹಂಗೇ ಅಂತಿದ್ವು."

ಬುಟ್ಟಿಯನ್ನು ಎತ್ತಿ ನನ್ನ ಸೊಂಟಕ್ಕೆ ಕೊಟ್ಟಳು. ಮೇಲೆ ನಾಲ್ಕು ದೊಡ್ಡ ಬಂಗಡೆ ಇದ್ದವು. ಹೆಗಲ ಮೇಲೆ ಟವೆಲೂ ಇತ್ತು. ಅದನ್ನು ಹೆಗಲ ಮೇಲೇ ಬಿಟ್ಟು, ಬುಟ್ಟಿಯನ್ನು ತೆರೆದೇ ಹೊತ್ತು, ಚಾದಂಗಡಿಯ ಮುಂದಿನ ದಾರಿಯಲ್ಲೇ ಮನೆಗೆ ಬಂದೆ.